ಕಾಲಿನಿಂದ ನಡೆಯುವ ಕಿರುದೋಣಿ

ಅಮೆರಿಕಾ ದೇಶದ ಮಿಶಿಗನ್ ಪ್ರಾಂತದಲ್ಲಿ ಸಂಸಾರ ಹೂಡಿರುವ ನಮ್ಮ ವಾಚಕ ಗೃಹಿಣಿಯೊಬ್ಬರು ಈ ಪುಟಕ್ಕೆ ಪತ್ರ ಬರೆದು ಒಂದು ಪ್ರಶ್ನೆಯನ್ನು ಕೇಳಿರುವರು. ಪತ್ರದ ಸಾರಾಂಶವಿದು: ಅವರ ಮಾವನವರಿಗೆ ಅರವತ್ತೆಂಟು ವಯಸ್ಸು. ಪ್ರತಿ ಬೇಸಗೆಯಲ್ಲಿಯೂ ಊರಿನಿಂದ ಬಂದು ನಾಲ್ಕೈದು ತಿಂಗಳು ಮಗನ ಮನೆಯಲ್ಲಿರುವರು. ಹಗಲು ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಕಾರು ನಡೆಸಲು ಅವರಿಗೆ ಬಾರದು; ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿಯಾಗಲಿ ದೇವಾಲಯವಾಗಲಿ ಇಲ್ಲ. ಇರುವುದೊಂದೇ, ಮನೆಯ ಹಿಂದಣ ಸಣ್ಣ ಸರೋವರ. ಹೊಳೆಯ ದಡದ ಊರಿನಲ್ಲಿ ಬೆಳೆದ ಅವರು ಈಜು ಬಲ್ಲರಾದರೂ ಬಲಭುಜದ ಕೀಲು ಹಿಡಿದುಕೊಂಡಿರುವುದರಿಂದ ಹುಟ್ಟು ಹಾಕಲಾರರು. ಆದಕಾರಣ ಕಾಲಿನಿಂದ ಪೆಡಲು ತುಳಿದು ನಡೆಯಿಸುವ ಕಯಾಕ್ ದೋಣಿಯೊಂದನ್ನು ಅವರಿಗೆ ಕೊಡಿಸಬೇಕೆಂದು ಮಗನಿಗೂ ಸೊಸೆಗೂ ಆಸೆ. ಬಳಸಿದ ಎರಡು ದೋಣಿಗಳು ಸಮೀಪದಲ್ಲಿಯೇ ಮಾರಾಟಕ್ಕಿವೆಯಂತೆ: ಒಂದು ಹೋಬಿ ಕಂಪೆನಿಯ ಪಾಸ್‌ಪೋರ್ಟ್ ೧೦.೫, ಇನ್ನೊಂದು ಓಲ್ಡ್ ಟೌನ್ ಕಂಪೆನಿಯ ಟಾಪ್‌ವಾಟರ್ ೧೦೬. ಗಂಡನಿಗೆ ಮೊದಲನೆಯದು ಹಿಡಿಸಿದೆ, ಮೈದುನನಿಗೆ ಎರಡನೆಯದು. “ಯಾವುದನ್ನು ಕೊಳ್ಳೋಣ? ಅಥವಾ ಮಾವನವರನ್ನು ಒಬ್ಬರನ್ನೇ ನೀರಿಗೆ ಬಿಡುವುದೇ ತಪ್ಪೋ?” ಎಂಬುದು ಅವರ ಪ್ರಶ್ನೆ.

ಈ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ಅದಕ್ಕೆ ಉತ್ತರ ದೊರೆತ ಹೊರತು ಮೊದಲನೆಯದಕ್ಕೆ ಉತ್ತರವಿಲ್ಲ. ನಾನೂ ಎರಡು ಬೇಸಗೆಗಳನ್ನು ಮಗಳ ಮನೆಯಲ್ಲಿ ಕಳೆದು ಇಂತಹ ಎರಡು ಬಗೆಯ ದೋಣಿಗಳಲ್ಲಿಯೂ ಕುಳಿತು ತುಳಿದಿರುವೆನಾದ್ದರಿಂದ ನನಗೆ ತಿಳಿದಷ್ಟನ್ನು ಇಲ್ಲಿ ನಿವೇದಿಸುವೆನು.

ಕಯಾಕ್ ಎಂಬುದು ಉತ್ತರಧ್ರುವದ ಸಮೀಪದಲ್ಲಿ ವಾಸಿಸುವ ಇನುಯಿಟ್ ಜನರ ದೋಣಿ. ಸಮುದ್ರದಲ್ಲಿ ತೇಲಿಬಂದ ಮರದ ತುಂಡುಗಳಿಂದ ಚೌಕಟ್ಟನ್ನು ಕಟ್ಟಿ, ಅದರ ಮೇಲೆ ಸೀಲ್ ಎಂಬ ಜಲಪ್ರಾಣಿಯ ಚರ್ಮವನ್ನು ಬಿಗಿದು, ಒಬ್ಬ ಬೇಟೆಗಾರನು ಕುಳಿತುಕೊಳ್ಳುವಷ್ಟೇ ಎಡೆಯಿಟ್ಟು ಅವರು ಅದನ್ನು ಮಾಡುತ್ತಿದ್ದರು. ಅದು ನೀಳವಾದದ್ದು, ಕಿರಿದಾದದ್ದು, ಮಗುಚುವುದಕ್ಕೂ ಸುಲಭವಾದದ್ದು. ಈಗಿನ ಪೆಡಲು ಕಯಾಕಿಗೆ ಹೆಸರು ಮಾತ್ರ ಅದರದು. ಇದು ಪ್ಲಾಸ್ಟಿಕ್ಕಿನ ಅಚ್ಚಿನಲ್ಲಿ ಎರಕವಾದ ಅಗಲವಾದ ಒಡಲು. ಕುಳಿತುಕೊಳ್ಳುವುದು ದೋಣಿಯೊಳಗಲ್ಲ, ಅದರ ಮೇಲೆ. ಮೇಲೆ ಬಿದ್ದ ನೀರು ತಾನಾಗಿಯೇ ಹರಿದುಹೋಗುವಂತೆ ತಳದವರೆಗೆ ರಂಧ್ರಗಳನ್ನು ಬಿಟ್ಟಿರುವರು. ಮಡಿಸುವ ಕುರ್ಚಿಯಂತಹ ಒಂದು ಆಸನ, ಮುಂದುಗಡೆ ಪೆಡಲಿನ ಯಂತ್ರ, ಕೈಯ ಪಕ್ಕದಲ್ಲಿ ಚುಕ್ಕಾಣಿಯ ಹಿಡಿ, ಇಷ್ಟೇ ಅದರ ಅಂಗಗಳು. ಮನುಷ್ಯನ ತೋಳಿಗಿಂತ ತೊಡೆಯು ಬಲವುಳ್ಳದ್ದಾದಕಾರಣ ಭುಜ ನೋಯುವವರಿಗೂ ಬೇಗ ದಣಿಯುವವರಿಗೂ ಇದು ನಿಜವಾಗಿಯೂ ಉಪಕಾರಿ. ಕೈಗಳೂ ಬಿಡುವಾಗಿರುವುವು.

ಯಂತ್ರಗಳಲ್ಲಿ ಎರಡು ಜಾತಿಗಳುಂಟು. ಮೊದಲನೆಯದು ಈಜುರೆಕ್ಕೆಯ ಯಂತ್ರ. ಹೋಬಿ ಕಂಪೆನಿಯವರು ಇದನ್ನು ೧೯೯೭ರಲ್ಲಿ ಮಾರುಕಟ್ಟೆಗೆ ತಂದರು. ಕಾಲುಗಳಿಂದ ಎಡಬಲ ಪೆಡಲುಗಳನ್ನು ಒಂದಾದ ಮೇಲೊಂದರಂತೆ ಮುಂದಕ್ಕೆ ಒತ್ತಿದರೆ ತಳದಲ್ಲಿ ಎರಡು ಬಾಗುವ ರೆಕ್ಕೆಗಳು ಎಡಕ್ಕೂ ಬಲಕ್ಕೂ ಬೀಸಿ, ಪೆಂಗ್ವಿನ್ ಪಕ್ಷಿಯು ನೀರಿನಲ್ಲಿ ಈಜುವಂತೆ, ದೋಣಿಯನ್ನು ಮುಂದೂಡುವುವು. ಎರಡನೆಯದು ತಿರುಗುರೆಕ್ಕೆಯ ಯಂತ್ರ. ಇದನ್ನು ಸೈಕಲ್ಲಿನಂತೆ ವೃತ್ತಾಕಾರವಾಗಿ ತುಳಿಯಬೇಕು. ಹಲ್ಲುಚಕ್ರಗಳ ಮೂಲಕ ತಳದಲ್ಲಿರುವ ಪ್ರೊಪೆಲರ್ ತಿರುಗುವುದು. ಓಲ್ಡ್ ಟೌನ್ ದೋಣಿಯಲ್ಲಿರುವುದು ಈ ಜಾತಿ. ಅದರಲ್ಲಿ ಪೆಡಲನ್ನು ಒಂದು ಸುತ್ತು ತುಳಿದರೆ ಪ್ರೊಪೆಲರ್ ಹತ್ತು ಸುತ್ತಿಗೂ ಮಿಕ್ಕು ತಿರುಗುವುದು.

ಇವೆರಡರ ಗುಣದೋಷಗಳು ಹೀಗೆ: ತಿರುಗುರೆಕ್ಕೆಯ ದೋಣಿಯಲ್ಲಿ ಹಿಂದಕ್ಕೆ ತುಳಿದ ಕ್ಷಣವೇ ದೋಣಿಯು ಹಿಂದಕ್ಕೆ ಸರಿಯುವುದು. ಮೀನು ಹಿಡಿಯುವವನಿಗೆ ಗಾಳಿಯಲ್ಲಿ ಒಂದೆಡೆ ನಿಲ್ಲಲು ಇದು ಬಹಳ ಅನುಕೂಲ. ಈಜುರೆಕ್ಕೆಯ ಹಳೆಯ ಯಂತ್ರವಾದರೋ ಮುಂದಕ್ಕೆ ಮಾತ್ರ ಒಯ್ಯುವುದು. ಹಿಂದಕ್ಕೂ ಚಲಿಸುವ ಬಗೆಯು ಬಳಿಕ ಬಂದಿತು. ಗೃಹಿಣಿಯವರು ಬರೆದಿರುವ ದೋಣಿಯಲ್ಲಿರುವುದು ಮುಂದಕ್ಕೆ ಮಾತ್ರ ಹೋಗುವ ಯಂತ್ರ. ಮೈದುನನವರ ವಾದಕ್ಕೆ ಇದೇ ಆಧಾರ, ವಾದವು ನ್ಯಾಯವಾದದ್ದೇ.

ಆದರೆ ನೀರಿನ ಆಳವನ್ನು ವಿಚಾರಿಸಿದರೆ ತಕ್ಕಡಿಯು ಇನ್ನೊಂದು ಕಡೆಗೆ ತೂಗುವುದು. ತಿರುಗುರೆಕ್ಕೆಯ ಕಂಬವು ದೋಣಿಯ ತಳದಿಂದ ಕೆಳಕ್ಕೆ ನೆಟ್ಟಗೆ ನಿಂತಿರುವುದು. ಸುಮಾರು ಒಂದೂವರೆ ಅಡಿಗಿಂತ ಕಡಮೆ ನೀರಿದ್ದರೆ ಅದನ್ನು ಮೇಲಕ್ಕೆತ್ತಿ ಮಡಗಿ ಹುಟ್ಟನ್ನೇ ಹಿಡಿಯಬೇಕಾಗುವುದು. ಭುಜ ಹಿಡಿದವರಿಗೆ ಅದೇ ಅಲ್ಲವೆ ಕಷ್ಟ? ಈಜುರೆಕ್ಕೆಯಲ್ಲಿ ಒಂದು ಪೆಡಲನ್ನು ಪೂರ್ತಿಯಾಗಿ ಮುಂದಕ್ಕೆ ಒತ್ತಿ ಹಿಡಿದರೆ ಎರಡು ರೆಕ್ಕೆಗಳೂ ತಳಕ್ಕೆ ಅಂಟಿಕೊಳ್ಳುವುವು. ಸಣ್ಣ ಸಣ್ಣದಾಗಿ ತುಳಿಯುತ್ತ ಬಂದರೆ ಮೊಳಕಾಲುದ್ದ ನೀರಿನಲ್ಲಿಯೂ ದೋಣಿಯು ಮೆಲ್ಲನೆ ದಡ ಸೇರುವುದು. ಜಲಸಸ್ಯದ ವಿಷಯವೂ ಹೀಗೆಯೇ. ಮಿಶಿಗನ್ನಿನ ಅನೇಕ ಸರೋವರಗಳಲ್ಲಿ ಮಿಲ್ಫಾಯಿಲ್ ಎಂಬ ಪರದೇಶದ ಜೊಂಡು ದಟ್ಟವಾಗಿ ಹಬ್ಬಿರುವುದು. ಅದು ತಿರುಗುವ ಅಚ್ಚಿಗೆ ನೂಲಿನಂತೆ ಸುತ್ತಿಕೊಳ್ಳುವುದು. ಬೀಸುವ ರೆಕ್ಕೆಗೆ ಅಷ್ಟಾಗಿ ಸುತ್ತಿಕೊಳ್ಳದೆ ಜಾರಿಹೋಗುವುದು. ಮಂಡಿಯ ವಿಚಾರವನ್ನೂ ಮರೆಯಬಾರದು. ವೃತ್ತಾಕಾರವಾಗಿ ತುಳಿಯುವಾಗ ಮಂಡಿಯು ಹೆಚ್ಚು ಮಡಿಯಬೇಕು. ಮುಂದಕ್ಕೆ ಒತ್ತುವಾಗ ಅಷ್ಟು ಬೇಕಾಗುವುದಿಲ್ಲ.

ಇನ್ನು ಒಡಲಿನ ಪ್ರಮಾಣ. ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾದ ‘ಯುಕ್ತಿಕಲ್ಪತರು’ ಎಂಬ ಸಂಸ್ಕೃತ ಗ್ರಂಥದಲ್ಲಿ ನೌಕೆಗಳ ಜಾತಿಭೇದವನ್ನು ಉದ್ದ, ಅಗಲ, ಎತ್ತರಗಳಿಂದಲೇ ನಿರ್ಣಯಿಸಿದೆ. ಅದರಲ್ಲಿ ಅತ್ಯಂತ ಚಿಕ್ಕದು ‘ಕ್ಷುದ್ರಾ’: ೧೬ ಹಸ್ತ ಉದ್ದ, ೪ ಹಸ್ತ ಅಗಲ, ೪ ಹಸ್ತ ಎತ್ತರ. ಅಂದರೆ ಉದ್ದವು ಅಗಲದ ನಾಲ್ಕರಷ್ಟು. ಕೆಲವು ಪ್ರಮಾಣದ ನೌಕೆಗಳನ್ನು ಅಶುಭವೆಂದೂ ಅದು ಹೇಳುವುದು. ಭೀಮಾ, ಭಯಾ ಎಂಬುವು ಅಂತಹವು. ನಮ್ಮ ಎರಡು ದೋಣಿಗಳೂ ೧೦ ಅಡಿ ೬ ಅಂಗುಲ ಉದ್ದದವು. ಹೋಬಿಯ ಅಗಲ ೩೪ ಅಂಗುಲ, ಓಲ್ಡ್ ಟೌನಿನದು ೩೬ ಅಂಗುಲ. ಉದ್ದವನ್ನು ಅಗಲದಿಂದ ಭಾಗಿಸಿದರೆ ಮೊದಲನೆಯದಕ್ಕೆ ಸುಮಾರು ೩.೭, ಎರಡನೆಯದಕ್ಕೆ ೩.೫. ಈ ಅಲ್ಪ ಅಂತರದಿಂದ ಎರಡನೆಯದು ಸ್ವಲ್ಪ ಹೆಚ್ಚು ಸ್ಥಿರವಾಗಿರಬಹುದು, ಮೊದಲನೆಯದು ಸ್ವಲ್ಪ ಹಗುರವಾಗಿ ಓಡಬಹುದು. ಎರಡರಲ್ಲಿಯೂ ಶಾಂತವಾದ ನೀರಿನಲ್ಲಿ ವೃದ್ಧರು ನಿಶ್ಚಿಂತೆಯಿಂದ ಕುಳಿತಿರಬಹುದು. ಈ ಎರಡು ಅಂಗುಲಗಳಿಗಾಗಿ ಅಣ್ಣತಮ್ಮಂದಿರು ವಾದಿಸಬೇಕಾದ್ದಿಲ್ಲ.

ವೇಗಕ್ಕಾಗಿಯೂ ವಾದಿಸಬೇಕಾದ್ದಿಲ್ಲ. ದೋಣಿಯು ಮುಂದೆ ಹೋದಂತೆ ತಾನೇ ಒಂದು ಅಲೆಯನ್ನೆಬ್ಬಿಸುವುದು. ವೇಗ ಹೆಚ್ಚಿದಷ್ಟೂ ಆ ಅಲೆಯು ನೀಳವಾಗುವುದು. ಅಲೆಯ ಉದ್ದವು ದೋಣಿಯ ಉದ್ದಕ್ಕೆ ಸಮನಾದ ಮೇಲೆ ದೋಣಿಯು ತನ್ನ ಅಲೆಯನ್ನೇ ಏರಬೇಕಾಗಿ, ಎಷ್ಟು ತುಳಿದರೂ ಶ್ರಮವು ವ್ಯರ್ಥವಾಗುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಪಂಡಿತನು ಹಡಗುಗಳ ಚಿಕ್ಕ ಪ್ರತಿಕೃತಿಗಳನ್ನು ನೀರಿನಲ್ಲಿ ಎಳೆಯಿಸಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದನು. ಆ ಲೆಕ್ಕದಂತೆ ಹತ್ತು ಅಡಿಯ ದೋಣಿಗೆ ಗಂಟೆಗೆ ೮ ಕಿಲೋಮೀಟರಿನಷ್ಟೇ ಎಲ್ಲೆ. ಹದಿಮೂರು ಅಡಿಯದಕ್ಕಾದರೂ ೯ ಕಿಲೋಮೀಟರ್ ಮಾತ್ರ. ನಿಧಾನವಾಗಿ ತುಳಿಯುವ ಹಿರಿಯರು ಈ ಎಲ್ಲೆಯ ಹತ್ತಿರಕ್ಕೂ ಹೋಗಬೇಕಾಗಿಲ್ಲ. ಆದುದರಿಂದ ವೇಗವನ್ನು ಹೊಗಳುವ ಮಾರಾಟಗಾರನ ಮಾತನ್ನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಡಬಹುದು.

ಬಿಡಬಾರದ ಮಾತು ತೂಕದ್ದು. ಇಂತಹ ದೋಣಿಗಳು ಆಸನ, ಯಂತ್ರ ಸಮೇತ ಸಾಮಾನ್ಯವಾಗಿ ೩೦ರಿಂದ ೪೫ ಕಿಲೋಗ್ರಾಂ ಇರುವುವು. ಸಂಜೆ ಮಗನು ಬಂದು ದೋಣಿಯನ್ನು ಎತ್ತಿಕೊಟ್ಟ ಹೊರತು ಮಾವನವರು ನೀರಿಗಿಳಿಯಲಾಗದು ಎಂದಾದರೆ ಅವರಿಗೆ ಕೊಡಿಸಿದ್ದು ದೋಣಿಯಲ್ಲ, ಕಾಯುವುದಕ್ಕೆ ಇನ್ನೊಂದು ಕಾರಣ. ಆದಕಾರಣ ಯಂತ್ರವನ್ನೂ ಆಸನವನ್ನೂ ಕಳಚಿಟ್ಟು, ಬರಿಯ ಒಡಲನ್ನು ಎರಡು ಚಕ್ರದ ತಳ್ಳುಬಂಡಿಯ ಮೇಲಿರಿಸಿ, ಮನೆಯಿಂದ ನೀರಿನವರೆಗೆ ಅವರು ತಾವೇ ಎಳೆದುಕೊಂಡು ಹೋಗಬಲ್ಲರೋ ಎಂಬುದನ್ನು ಹಣ ಕೊಡುವ ಮೊದಲೇ ನೋಡತಕ್ಕದ್ದು. ಈಜುರೆಕ್ಕೆಯ ಯಂತ್ರವು ತಿರುಗುರೆಕ್ಕೆಯದಕ್ಕಿಂತ ಸಾಮಾನ್ಯವಾಗಿ ಹಗುರ. ಒಂದೇ ಕೈಯಿಂದ ಎತ್ತಿ ಕೂರಿಸಬಹುದು.

ಬಳಸಿದ ದೋಣಿಯಾದ್ದರಿಂದ ಪರೀಕ್ಷೆಯೂ ಅವಶ್ಯ. ತಳವನ್ನು ಮೇಲುಮಾಡಿ, ರಂಧ್ರಗಳ ಸುತ್ತಲೂ ಯಂತ್ರ ಕೂರುವ ಬಾವಿಯ ಅಂಚಿನಲ್ಲಿಯೂ ಸೀಳು ಬಿಟ್ಟಿದೆಯೋ ನೋಡಬೇಕು. ಈಜುರೆಕ್ಕೆಯಲ್ಲಿ ರೆಕ್ಕೆಯನ್ನು ಹಿಡಿದ ಲೋಹದ ಸಲಾಕೆ ಬಾಗಿದೆಯೋ, ತಂತಿಯ ಎಳೆ ಹರಿದಿದೆಯೋ ನೋಡಬೇಕು. ತಿರುಗುರೆಕ್ಕೆಯಲ್ಲಿ ಕೈಯಿಂದ ಪೆಡಲನ್ನು ತಿರುಗಿಸಿ ಹಲ್ಲುಚಕ್ರಗಳ ಕರಕರ ಸದ್ದನ್ನು ಆಲಿಸಬೇಕು. ಅರ್ಧ ಗಂಟೆ ನೀರಿನಲ್ಲಿ ತೇಲಿಸಿ, ದಡಕ್ಕೆ ತಂದು ಅಲುಗಿಸಿದರೆ ಒಳಗೆ ನೀರು ಸೇರಿದೆಯೋ ಇಲ್ಲವೋ ಗೊತ್ತಾಗುವುದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ದೋಣಿಯು ಮಗುಚುವುದು ಅಪರೂಪ. ಆದರೆ ಮಗುಚಿದರೆ ನೀರಿನಿಂದ ಮರಳಿ ಅದರ ಮೇಲೆ ಏರುವುದಕ್ಕೆ ಎರಡು ತೋಳುಗಳ ಬಲವೂ ಬೇಕು. ಕಾಲಿನಿಂದ ನಡೆಯುವ ದೋಣಿಯನ್ನೇ ಆದರೂ ಕೈಯಿಂದಲೇ ಏರಬೇಕು. ಭುಜ ಹಿಡಿದಿರುವ ಹಿರಿಯರ ವಿಷಯದಲ್ಲಿ ಇದೇ ಗಂಡಾಂತರದ ಸ್ಥಾನ. ನೀರಿನ ತಣುಪು ಎರಡನೆಯ ಗಂಡಾಂತರ. ಆ ಪ್ರಾಂತದಲ್ಲಿ ಮೇ ತಿಂಗಳಲ್ಲಿ ಬಿಸಿಲು ಹಿತವಾಗಿದ್ದರೂ ನೀರಿನಲ್ಲಿ ಚಳಿಗಾಲದ ಶೈತ್ಯವು ಇನ್ನೂ ಉಳಿದಿರುವುದು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ಆಚಾರ್ಯ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಅತಿ ತಣ್ಣೀರಿನಲ್ಲಿ ಬಿದ್ದವರಿಗಾಗಿ ೧–೧೦–೧ ಎಂಬ ಸೂತ್ರವನ್ನು ಹೇಳಿರುವರು: ಏದುಸಿರನ್ನು ಹತೋಟಿಗೆ ತರಲು ೧ ನಿಮಿಷ, ಕೈಕಾಲುಗಳು ಹೇಳಿದಂತೆ ಕೇಳುವುದು ಸುಮಾರು ೧೦ ನಿಮಿಷ, ಶರೀರದ ಉಷ್ಣವು ಇಳಿದು ಎಚ್ಚರ ತಪ್ಪಲು ಸುಮಾರು ೧ ಗಂಟೆ. ಮೊದಲ ನಿಮಿಷವನ್ನು ದಾಟಿಸುವುದು ಮೈಮೇಲೆ ತೊಟ್ಟಿರುವ ಪ್ರಾಣರಕ್ಷಕ ಕವಚವೇ ಹೊರತು ಈಜಿನ ವಿದ್ಯೆಯಲ್ಲ. ಅಮೆರಿಕಾದ ಶಾಸನದಂತೆ ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಕವಚವಿರಲೇಬೇಕು. ಅದನ್ನು ಆಸನದ ಹಿಂದೆ ಸಿಕ್ಕಿಸಿಟ್ಟರೆ ಶಾಸನವು ತೃಪ್ತಿಗೊಳ್ಳಬಹುದು, ನೀರು ತೃಪ್ತಿಗೊಳ್ಳದು.

ಹಾಗೆಂದು ಅವರನ್ನು ಕಿಟಕಿಯ ಬಳಿ ಕೂರಿಸಿ, ನೀರನ್ನು ನೋಡುತ್ತಿರಿ ಎನ್ನುವುದೂ ಯುಕ್ತವಲ್ಲ. ಪರದೇಶದ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಕುಳಿತಿರುವ ವೃದ್ಧರ ಮನಸ್ಸು ಹೇಗಿರುವುದೆಂದು ಕಂಡವರಿಗೆ ಗೊತ್ತು. ಎರಡು ಅತಿರೇಕಗಳ ನಡುವೆ ಒಂದು ದಾರಿಯುಂಟು: ಕಾಲು ನೆಲಕ್ಕೆ ನಿಲುಕುವಷ್ಟು ನೀರಿನಲ್ಲಿಯೇ, ದಡದ ಅಂಚನ್ನು ಹಿಡಿದು ಸಂಚರಿಸುವುದು. ಎದೆಮಟ್ಟದ ನೀರಿನಲ್ಲಿ ಬಿದ್ದವರು ದೋಣಿಯನ್ನು ಏರಬೇಕಾಗಿಲ್ಲ; ಎದ್ದು ನಿಂತು, ಅದನ್ನು ಹಿಡಿದುಕೊಂಡು ದಡಕ್ಕೆ ನಡೆದುಬಂದರಾಯಿತು. ಮಗನು ಒಂದು ಭಾನುವಾರ ಉದ್ದನೆಯ ಗಳುವನ್ನು ಹಿಡಿದು ದಡದುದ್ದಕ್ಕೂ ಆಳವನ್ನಳೆದು, ಕೆಸರು ಹೂಳುವ ಎಡೆಗಳನ್ನು ಬಿಟ್ಟು, ಗಟ್ಟಿ ನೆಲವಿರುವಷ್ಟು ದೂರವನ್ನು ಗುರುತು ಮಾಡಿಕೊಡಲಿ. ಅಷ್ಟು ಅವರ ರಾಜ್ಯ.

ಹೀಗೆ ಎಲ್ಲೆಯು ನಿಶ್ಚಯವಾದ ಮೇಲೆ ದೋಣಿಯ ಆಯ್ಕೆಯು ತಾನಾಗಿಯೇ ಆಗುವುದು. ತೆಳುವಾದ ನೀರು, ಜೊಂಡು, ಹಿಡಿದ ಭುಜ, ಒಬ್ಬರೇ ಎತ್ತಬೇಕಾದ ಯಂತ್ರ, ಈ ನಾಲ್ಕಕ್ಕೂ ಒಗ್ಗುವುದು ಈಜುರೆಕ್ಕೆಯ ದೋಣಿ. ಹಿಂದಕ್ಕೆ ಹೋಗದಿರುವ ದೋಷವು ಅಂಚಿನಲ್ಲಿ ಅಷ್ಟಾಗಿ ಬಾಧಿಸದು. ಸಣ್ಣದೊಂದು ಹುಟ್ಟನ್ನು ಪಕ್ಕಕ್ಕೆ ಕಟ್ಟಿಕೊಂಡಿದ್ದರೆ ಎಡಗೈಯಿಂದ ಒಂದೆರಡು ಸಲ ತಳ್ಳಿದರೆ ಸಾಕು. ಆಳವಾದ ತಿಳಿನೀರಿನಲ್ಲಿ ಜೊತೆಗಾರರೊಡನೆ ಮೀನು ಹಿಡಿಯಹೋಗುವ, ತೋಳು ಗಟ್ಟಿಯಿರುವ ಮೈದುನನವರು ತಮಗಾಗಿ ಕೊಳ್ಳುವುದಾದರೆ ತಿರುಗುರೆಕ್ಕೆಯದನ್ನೇ ಕೊಳ್ಳಲಿ. ಅವರು ಹೇಳುವುದು ಅವರ ಮಟ್ಟಿಗೆ ಸರಿ.

ಕೊನೆಯದಾಗಿ ಮಾವನವರೊಡನೆ ಕುಳಿತು ಗೊತ್ತುಮಾಡಿಕೊಳ್ಳಬೇಕಾದ ನಿಯಮಗಳು: ಜೂನ್ ಕಳೆದು ನೀರು ಬೆಚ್ಚಗಾಗುವವರೆಗೆ ಒಬ್ಬರೇ ಇಳಿಯಕೂಡದು. ಗಾಳಿಯೆದ್ದ ದಿನ ಕೂಡದು. ಕವಚವನ್ನು ತೊಟ್ಟೇ ದೋಣಿಯನ್ನು ಮುಟ್ಟಬೇಕು. ಸೀಟಿಯು ಕವಚಕ್ಕೆ ಕಟ್ಟಿರಬೇಕು. ದೂರವಾಣಿಯು ನೀರು ಹೊಗದ ಚೀಲದಲ್ಲಿ ಮೈಮೇಲೆಯೇ ಇರಬೇಕು. ಹೊರಡುವಾಗಲೂ ಮರಳಿದಾಗಲೂ ನೆರೆಮನೆಯವರಿಗೋ ಸೊಸೆಗೋ ಒಂದು ಮಾತು ತಿಳಿಸಬೇಕು. ಮೊದಲ ವಾರ ಮಗನು ಜೊತೆಯಲ್ಲಿ ನಿಂತು, ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಬೀಳಿಸಿ ಎಬ್ಬಿಸಿ ಅಭ್ಯಾಸ ಮಾಡಿಸಬೇಕು. ಇದನ್ನು ಆಜ್ಞೆಯಂತೆ ಹೇಳಿದರೆ ಹಿರಿಯರ ಮನಸ್ಸು ನೋಯುವುದು. ಆಳವನ್ನಳೆಯುವ ದಿನ ಅವರನ್ನೂ ಕರೆದುಕೊಂಡು ಹೋಗಿ, ಗಳುವನ್ನು ಅವರ ಕೈಗೇ ಕೊಟ್ಟರೆ, ಹೊಳೆಯ ದಡದಲ್ಲಿ ಬೆಳೆದವರು ಎಲ್ಲಿ ನಿಲ್ಲಬೇಕೆಂಬುದನ್ನು ತಾವೇ ಹೇಳುವರು.