ಹೊಳೆಯ ಮೇಲಿನ ಬಣ್ಣದ ದೀಪಗಳಿಗೆ ಕಡಿವಾಣ ಬೇಕು



ಕೊಚ್ಚಿಯ ಜಲ ಮೆಟ್ರೊ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬರುವುದೆಲ್ಲ ಹೊಗಳಿಕೆಯೇ. ಹೊಗಳಬೇಕಾದ ಕೆಲಸವೇ ಹೌದು. 2023ರ ಏಪ್ರಿಲ್‌ನಲ್ಲಿ ಶುರುವಾದ ಸೇವೆ ಮರುವರ್ಷ ನಾನಿರುವ ಕಳಮಶ್ಶೇರಿಯ ಪಕ್ಕದ ಏಲೂರಿಗೂ ಬಂತು. ಆದರೆ ಅದೇ ನೀರಿನಲ್ಲಿ ಕತ್ತಲಾದ ಮೇಲೆ ಓಡಾಡುವ ಉಳಿದ ಬೋಟುಗಳ ದೀಪಗಳ ಬಗ್ಗೆ ಯಾರೂ ಮಾತೆತ್ತುತ್ತಿಲ್ಲ.

ನಿಯಮ ಕಷ್ಟದ್ದೇನಲ್ಲ. ಸೂರ್ಯ ಮುಳುಗಿದಾಗಿನಿಂದ ಹುಟ್ಟುವವರೆಗೆ ಎಂಜಿನ್ ಬೋಟಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ, ಕಂಬದ ಮೇಲೆ ಮುಂದಕ್ಕೆ ಕಾಣುವ ಇನ್ನೊಂದು ಬಿಳಿ ದೀಪ ಉರಿಯಬೇಕು. ಎದುರಿಗೆ ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಬೋಟು ನೇರ ನಮ್ಮ ಮೇಲೇ ಬರುತ್ತಿದೆಯೆಂದು ಅರ್ಥ. ಇಬ್ಬರೂ ಬಲಕ್ಕೆ ಹೊರಳಬೇಕು. ಹುಟ್ಟು ಹಾಕುವ ಸಣ್ಣ ದೋಣಿಯವನ ಕೈಯಲ್ಲಿ ಒಂದು ಬಿಳಿ ಟಾರ್ಚ್ ಇದ್ದರೂ ನಡೆಯುತ್ತದೆ, ಢಿಕ್ಕಿ ತಪ್ಪುವಷ್ಟು ಮುಂಚೆ ಅದನ್ನು ತೋರಿಸಬೇಕು ಅಷ್ಟೆ. ಈ ದೀಪಗಳನ್ನು ಮರೆಮಾಡುವ, ಇವೇ ಅನ್ನಿಸುವಂಥ ಬೇರೆ ದೀಪ ಹಾಕಕೂಡದೆಂದು ನೌಕೆಗಳ ಢಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ.

ಇಲ್ಲಿ ಮುರಿಯುತ್ತಿರುವುದು ಈ ಕೊನೆಯ ನಿಯಮವೇ. ಸಂಜೆ ಸವಾರಿಯ ಪ್ರವಾಸಿ ಬೋಟುಗಳ ಚಾವಣಿಯ ಸುತ್ತ ಎಲ್ಇಡಿ ಪಟ್ಟಿಗಳು ಕೆಂಪು, ಹಸಿರು, ನೀಲಿಯಾಗಿ ಮಿಣುಕುತ್ತಿರುತ್ತವೆ. ದಡದಲ್ಲಿ ನಿಂತು ನೋಡಿದರೆ ಬೋಟಿನ ಮೂತಿ ಯಾವ ಕಡೆಗಿದೆ ಎಂದೇ ತಿಳಿಯುವುದಿಲ್ಲ. ಅದರ ಹಿಂದೆಯೇ ಬಲೆ ಬಿಡುವ ವಂಚಿ, ಅಂದರೆ ಸಣ್ಣ ದೋಣಿಯೊಂದು ದೀಪವೇ ಇಲ್ಲದೆ ಬರುತ್ತದೆ. ಎಂಜಿನ್ ಸದ್ದು ತೀರಾ ಹತ್ತಿರವಾದಾಗ ಅದರಲ್ಲಿರುವವನು ಗಾಬರಿಯಿಂದ ಮೊಬೈಲ್ ಬೆಳಕು ಬೀಸುತ್ತಾನೆ. ಇದು ಮೋಜಿನ ಸವಾರಿಗಷ್ಟೇ ಇರುವ ನೀರೂ ಅಲ್ಲ. ಇಲ್ಲಿನ ಉದ್ಯೋಗಮಂಡಲ ಕಾಲುವೆ 1993ರಲ್ಲಿ ಘೋಷಣೆಯಾದ ರಾಷ್ಟ್ರೀಯ ಜಲಮಾರ್ಗ 3ರ ಭಾಗ, ಕಾರ್ಖಾನೆಗಳಿಗೆ ಸರಕು ಒಯ್ಯುವ ಬಾರ್ಜ್‌ಗಳ ದಾರಿ. ತುಂಬಿದ ಬಾರ್ಜ್ ನಿಲ್ಲು ಎಂದೊಡನೆ ನಿಲ್ಲುವುದಿಲ್ಲ.

2015ರ ಆಗಸ್ಟ್‌ನಲ್ಲಿ ಫೋರ್ಟ್ ಕೊಚ್ಚಿಯ ಬಳಿ ಪ್ರಯಾಣಿಕರ ಬೋಟಿಗೆ ಮೀನುಗಾರಿಕೆ ಬೋಟು ಢಿಕ್ಕಿ ಹೊಡೆದು 11 ಮಂದಿ ಸತ್ತರು. ಅದು ಹಾಡಹಗಲು. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಪ್ರವಾಸಿ ಬೋಟು ಮಗುಚಿ 22 ಜನ ಮುಳುಗಿದ್ದು ದೀಪದ ದೋಷದಿಂದಲ್ಲ, ಮಿತಿಮೀರಿ ಜನ ತುಂಬಿದ್ದರಿಂದ. ಆದರೂ ಹೊತ್ತು ಮುಳುಗಿದ ಮೇಲಿನ ಸವಾರಿಯನ್ನು ಕೇಳುವವರಿಲ್ಲ ಎಂಬುದು ಅಲ್ಲೂ ಗೊತ್ತಾಯಿತು.

1917ರ ಹಳೇ ಕಾನೂನಿನ ಬದಲಿಗೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯಲ್ಲಿ ಎಂಜಿನ್ ಇಲ್ಲದ ದೋಣಿಗಳನ್ನೂ ಸ್ಥಳೀಯವಾಗಿ ನೋಂದಾಯಿಸಲು ಅವಕಾಶವಿದೆ. ಹಾಗೆ ನೋಂದಾಯಿಸುವಾಗಲೇ ಪಂಚಾಯಿತಿ, ನಗರಸಭೆಗಳು ಪ್ರತಿ ವಂಚಿಗೂ ಒಂದು ಸೌರದೀಪ ಕೊಡಲಿ. ಬಡ ಮೀನುಗಾರನಿಗೆ ದಂಡ ಹಾಕಿ ಪ್ರಯೋಜನವಿಲ್ಲ. ದಂಡ ಬೀಳಬೇಕಾದ್ದು ಅಲಂಕಾರದ ದೀಪ ಹಾಕಿಕೊಂಡು ಓಡಿಸುವ ಬೋಟ್ ಮಾಲೀಕರಿಗೆ. ದಡಕ್ಕೆ ಕಟ್ಟಿ ನಿಲ್ಲಿಸಿದಾಗ ಬೇಕಾದ ಬಣ್ಣ ಹಾಕಿಕೊಳ್ಳಲಿ.

ಕರ್ನಾಟಕದ ಓದುಗರಿಗೆ ಇದೆಲ್ಲ ಏಕೆಂದರೆ, ಮಂಗಳೂರಿನ ನೇತ್ರಾವತಿ, ಗುರುಪುರ ನದಿಗಳಲ್ಲೂ ಜಲ ಮೆಟ್ರೊ ಓಡಿಸುವ ಯೋಜನೆ ಕರ್ನಾಟಕ ಮಾರಿಟೈಮ್ ಬೋರ್ಡ್ ಮುಂದಿದೆ. ಆ ನದಿಗಳಲ್ಲಿ ರಾತ್ರಿ ಬಲೆ ಬಿಡುವವರೂ ಇದ್ದಾರೆ. ಮೊದಲ ಬೋಟು ನೀರಿಗಿಳಿಯುವ ಮುನ್ನವೇ ಅವರ ದೋಣಿಗಳಿಗೆ ದೀಪ ಕೊಡಿಸಿ, ರಾತ್ರಿ ತಪಾಸಣೆಗೆ ಸಿಬ್ಬಂದಿ ನೇಮಿಸಬೇಕೆಂದು ಮಂಡಳಿಯನ್ನು ಒತ್ತಾಯಿಸುತ್ತೇನೆ.

– ಓರ್ವ ಓದುಗ, ಕಳಮಶ್ಶೇರಿ