ಗಡಿಯಾರ ಹಿಂದೆ ಹೋಯ್ತು ಅಂತ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸ್ಬೇಡಿ ಮಾರಾಯ್ರೆ

ಕೊಳೆರೋಗ, ಮದ್ದು ಬಿಡುವ ವಿಷಯ ಈ ಸಲ ಇಲ್ಲ. ವಾಮಂಜೂರು, ಕುಡುಪು, ನೀರುಮಾರ್ಗ ಕಡೆಯವರು ಮೂರು ಜನ ಒಂದೇ ಪ್ರಶ್ನೆ ಕೇಳಿದ್ದಾರೆ, ಹಾಗಾಗಿ ಇಲ್ಲೇ ಉದ್ದಕ್ಕೆ ಬರೆಯುತ್ತೇನೆ. ಕಂಪ್ಯೂಟರ್ ಅಪ್‌ಡೇಟ್ ಆಯ್ತು, ಆಮೇಲೆ ಗಂಟೆ ತಾರೀಕು ಎಲ್ಲ ಹಿಂದೆ ಹೋಗಿದೆ, ಪೇಟೆಯ ಅಂಗಡಿಯವರು ಫಾರ್ಮ್ಯಾಟ್ ಮಾಡ್ಬೇಕು ಹೇಳ್ತಾರೆ, ಎಂತ ಮಾಡುವುದು?

ಮಾಡಿಸ್ಬೇಡಿ. ಗಡಿಯಾರ ಇರುವುದು ಹಾರ್ಡ್‌ಡಿಸ್ಕಿನಲ್ಲಿ ಅಲ್ಲ, ಮದರ್‌ಬೋರ್ಡಿನಲ್ಲಿ. ಪಂಪು ಕೆಟ್ಟರೆ ಯಾರಾದರೂ ಟ್ಯಾಂಕಿ ತೊಳೆಯುತ್ತಾರಾ? ಫಾರ್ಮ್ಯಾಟ್ ಮಾಡಿದರೆ ಹೋಗುವುದು ನಿಮ್ಮ ಹತ್ತು ವರ್ಷದ ಲೆಕ್ಕ. ಗಡಿಯಾರ ಮಾತ್ರ ನಾಳೆ ಬೆಳಿಗ್ಗೆ ಪುನಃ ಹಿಂದೆಯೇ ಇರ್ತದೆ.

ನಮಗೆ ಆರ್‌ಟಿಸಿ ಅಂದ್ರೆ ಪಹಣಿ. ಕಂಪ್ಯೂಟರಿನವರಿಗೆ ಆರ್‌ಟಿಸಿ ಅಂದ್ರೆ ರಿಯಲ್ ಟೈಮ್ ಕ್ಲಾಕ್, ಮದರ್‌ಬೋರ್ಡಿನ ಗಡಿಯಾರ. ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಸಣ್ಣ ಹರಳು ಅದನ್ನು ಓಡಿಸ್ತದೆ. ಪ್ಲಗ್ ತೆಗೆದಾಗ ಅದಕ್ಕೆ ಜೀವ ಕೊಡುವುದು ನಾಣ್ಯದ ಹಾಗಿರುವ ಸಿಆರ್2032 ಸೆಲ್: 3 ವೋಲ್ಟ್, 20 ಮಿಲಿಮೀಟರ್ ಅಗಲ. ಕೆಲವು ವರ್ಷ ಬಾಳಿಕೆ, ಆಮೇಲೆ ಮುಗಿಯಿತು.

ತಮಾಷೆ ಎಂತ ಅಂದ್ರೆ, ಈ ಆರ್‌ಟಿಸಿ ಕೆಟ್ಟರೆ ಆ ಆರ್‌ಟಿಸಿಯೂ ತೆರೆಯುವುದಿಲ್ಲ. ಪಹಣಿ ನೋಡುವ ಸೈಟಿಗೆ, ಬ್ಯಾಂಕಿನ ಸೈಟಿಗೆ ಒಂದೊಂದು ಪ್ರಮಾಣಪತ್ರ ಇರ್ತದೆ, ಅದರಲ್ಲಿ ಶುರುವಾಗುವ ತಾರೀಕು, ಮುಗಿಯುವ ತಾರೀಕು ಎರಡೂ ಇರ್ತದೆ. ನಿಮ್ಮ ಕಂಪ್ಯೂಟರ್ 2015ರಲ್ಲಿ ಕೂತಿದ್ದರೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ! ಬ್ರೌಸರ್ "ಸುರಕ್ಷಿತ ಅಲ್ಲ" ಅಂತ ಬಾಗಿಲು ಹಾಕ್ತದೆ. ನಾವು "ಸರ್ವರ್ ಡೌನ್" ಹೇಳಿ ಸರ್ಕಾರಕ್ಕೆ ಬೈತೇವೆ. ಅರ್ಜಿಯ ಕೊನೆ ದಿನ ಹಾಗೆಯೇ ದಾಟಿ ಹೋಗ್ತದೆ.

ಹಾಗಾದ್ರೆ ಅಪ್‌ಡೇಟ್ ಆದ ಮೇಲೆಯೇ ಯಾಕೆ ಹೀಗಾಯ್ತು? ಕೇಳಿ. ಪ್ಲಗ್ ಹಾಕಿ ಸ್ವಿಚ್ ಆನ್ ಇರುವಷ್ಟು ದಿನ ಗಡಿಯಾರ ಗೋಡೆಯ ಕರೆಂಟಿನಲ್ಲೇ ನಡೀತದೆ, ಸೆಲ್ ಸತ್ತದ್ದು ಗೊತ್ತಾಗುವುದಿಲ್ಲ. ಅಪ್‌ಡೇಟ್ ಬಂತು, "ಅಪ್‌ಡೇಟ್ ಆ್ಯಂಡ್ ಶಟ್‌ಡೌನ್" ಒತ್ತಿದಿರಿ, ಸಂಜೆ ಗುಡುಗು ಅಂತ ಪ್ಲಗ್ ಎಳೆದಿರಿ. ನಮ್ಮೂರಿನ ಸಿಡಿಲಿಗೆ ಪ್ಲಗ್ ಎಳೆಯದವರು ಯಾರು? ಬೆಳಿಗ್ಗೆ ನೋಡಿದರೆ ಹಳೆ ವರ್ಷ. ಅಪ್‌ಡೇಟ್ ಎದುರಿಗೆ ಸಿಕ್ಕಿತು, ಬೈಗುಳ ಅದಕ್ಕೆ ಬಿತ್ತು. ಇದರ ಮೇಲೆ ನಮ್ಮ ಕರಾವಳಿಯ ತೇವ, ಉಪ್ಪು ಗಾಳಿ. ಸೆಲ್ ಕೂರುವ ಕ್ಲಿಪ್ಪಿಗೆ ಹಸಿರು ಕಟ್ಟಿದರೆ ಹೊಸ ಸೆಲ್ಲೂ ಹಿಡಿಯುವುದಿಲ್ಲ.

ಆದರೆ ಎಲ್ಲದಕ್ಕೂ ಸೆಲ್ಲೇ ಕಾರಣ ಅಲ್ಲ. ಎಷ್ಟು ಹಿಂದೆ ಹೋಗಿದೆ, ಅದನ್ನು ಮೊದಲು ನೋಡಿ.

ವರ್ಷಗಟ್ಟಲೆ ಹಿಂದೆ, ಅದೂ ಪ್ಲಗ್ ತೆಗೆದಾಗಲೆಲ್ಲ: ಸೆಲ್.

ಸರಿಯಾಗಿ ಐದೂವರೆ ಗಂಟೆ ಹಿಂದೆ: ಸೆಲ್ ಅಲ್ಲ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದರೆ ಹೀಗಾಗ್ತದೆ. ಗಡಿಯಾಚೆ ಮಂಜೇಶ್ವರ, ಕಾಸರಗೋಡಿನ ಶಾಲೆಗಳಲ್ಲಿ ಲಿನಕ್ಸ್ ಕಲಿಸ್ತಾರೆ, ಮಕ್ಕಳು ಮನೆಯಲ್ಲೂ ಹಾಕಿಕೊಳ್ತಾರೆ. ಲಿನಕ್ಸ್ ಗ್ರೀನಿಚ್ ಸಮಯ ಬರೆದಿಡ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಅಂತ ಓದ್ತದೆ. ನಮ್ಮ ಸಮಯ 82.5 ಡಿಗ್ರಿ ರೇಖಾಂಶದ್ದು, ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ಅಷ್ಟೇ ವ್ಯತ್ಯಾಸ. ಲಿನಕ್ಸಿನ ಸೆಟ್ಟಿಂಗಿನಲ್ಲಿ ಊರಿನ ಸಮಯವನ್ನೇ ಇಟ್ಟುಕೊಳ್ಳಲು ಹೇಳಿದರೆ ಮುಗೀತು.

ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದೆ: ಟೈಮ್ ಝೋನ್ ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗಿದೆ. ಸೆಟ್ಟಿಂಗಿನಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಅಂತ ಇರುವುದನ್ನು ಆರಿಸಿ. ಖರ್ಚು ಸೊನ್ನೆ.

"ಇಂಟರ್ನೆಟ್ ಇದೆಯಲ್ಲ, ತಾನೇ ಸರಿಯಾಗ್ಬೇಕಲ್ಲ?" ಅಂತ ಒಬ್ಬರು ಕೇಳಿದರು. ಮನೆಯ ವಿಂಡೋಸ್ ಸಾಮಾನ್ಯವಾಗಿ 15 ಗಂಟೆಗಿಂತ ಹೆಚ್ಚಿನ ವ್ಯತ್ಯಾಸವನ್ನು ತಾನಾಗಿ ತಿದ್ದುವುದಿಲ್ಲ. ಮೊದಲು ಕೈಯಲ್ಲಿ ತಾರೀಕು ಸರಿ ಮಾಡಿ, ಆಮೇಲೆ "ಸಿಂಕ್ ನೌ" ಒತ್ತಿ.

ಈಗ ನನ್ನ ಜಗಳದ ವಿಷಯಕ್ಕೆ ಬರುತ್ತೇನೆ. ನೂರು ರೂಪಾಯಿಯೊಳಗಿನ ಸೆಲ್ಲಿಗೆ ಫಾರ್ಮ್ಯಾಟ್ ಚಾರ್ಜು ಹಾಕುವುದು, "ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಹೇಳುವುದು ನ್ಯಾಯ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತದ್ದು ನಿಜ, ಅದು ಬೇರೆ ಚರ್ಚೆ. ಅದನ್ನು ಸತ್ತ ಸೆಲ್ಲಿಗೆ ಗಂಟು ಹಾಕಿ ಹೊಸ ಕಂಪ್ಯೂಟರ್ ಮಾರುವುದು ಮೋಸ. ಅಂಗಡಿಯವನಿಗೂ ಬಾಡಿಗೆ ಉಂಟು, ಬಿಚ್ಚಿ ಕ್ಲೀನ್ ಮಾಡಿದ್ದಕ್ಕೆ ಮಜೂರಿ ಕೇಳಲಿ, ಕೊಡುವ. ಬಿಲ್ಲಿನಲ್ಲಿ "ಸೆಲ್ ಬದಲಾವಣೆ" ಅಂತ ಬರೆದು ಕೇಳಲಿ.

ಇನ್ನೊಂದು ಕೆಟ್ಟ ಸಲಹೆ "ಅಪ್‌ಡೇಟೇ ಬಂದ್ ಮಾಡಿ". ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ತೆರೆಯುವವರು ನೀವು. ಕಳ್ಳ ನುಗ್ಗುವ ಕಂಡಿ ಮುಚ್ಚುವುದೇ ಅಪ್‌ಡೇಟ್. ಬೇಲಿ ಕಟ್ಟಿದ ದಿನ ದನ ಸತ್ತಿತು ಅಂತ ಬೇಲಿ ಕಿತ್ತು ಹಾಕುವುದಾ?

ಸೆಲ್ ಬದಲಿಸುವ ಮೊದಲು ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಕೇಳುವ ಸಾಧ್ಯತೆ ಉಂಟು. ಪ್ಲಗ್ ತೆಗೆದೇ ಕೈ ಹಾಕಿ. ಲ್ಯಾಪ್‌ಟಾಪ್ ಆದರೆ ಬಿಚ್ಚುವ ಸಾಹಸ ಬೇಡ, ಅಂಗಡಿಗೇ ಕೊಡಿ. ಹಳೆ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಗಂಟೆಗಳೊಳಗೆ ಅನ್ನನಾಳ ಸುಡ್ತದೆ, ಕೂಡಲೇ ಆಸ್ಪತ್ರೆ.

ಅಡಿಕೆ ಅಂಗಳಕ್ಕೆ ಕ್ಯಾಮೆರಾ ಹಾಕಿದವರು ಅದರ ರೆಕಾರ್ಡರ್ ಡಬ್ಬದ ತಾರೀಕೂ ಇವತ್ತೇ ನೋಡಿ. ಅದರೊಳಗೂ ಸಾಮಾನ್ಯವಾಗಿ ಇಂಥದ್ದೇ ಸೆಲ್ ಇರ್ತದೆ. ಕಳ್ಳನ ಮುಖ ಸಿಕ್ಕಿಯೂ ವರ್ಷ ತಪ್ಪಿದ್ದರೆ ಪೊಲೀಸರ ಮುಂದೆ ವಿವರಿಸುವ ಕಷ್ಟ ನಿಮ್ಮದು.

ಅಂಗಡಿಗೆ ಹೋದರೆ ಮೊದಲ ಮಾತು ಇದಿರಲಿ: "ಸೆಲ್ ವೋಲ್ಟೇಜ್ ಎಷ್ಟು ತೋರಿಸ್ತದೆ, ನನ್ನ ಎದುರೇ ಅಳೆಯಿರಿ." ಅಳೆಯಲಿಕ್ಕೆ ಮನಸ್ಸಿಲ್ಲದವನ ಕೈಗೆ ಕಂಪ್ಯೂಟರ್ ಕೊಡಬೇಡಿ.