ಯೋಧನ ತಲೆಗೆ ನೂರಕ್ಕೆ ಎಷ್ಟು?

ರಣರಂಗಕ್ಕೆ ಕಳುಹುವಾಗ ಯಾವ ಸರಕಾರವೂ ಯೋಧನನ್ನು ನೂರಕ್ಕೆ ಇಷ್ಟೆಂದು ಅಳೆಯುವುದಿಲ್ಲ. ಗಾಯಗೊಂಡು ಮರಳಿದ ಬಳಿಕ ಮಾತ್ರ ಅಳತೆಗೋಲು ಹೊರಬೀಳುತ್ತದೆ. ಅಮೇರಿಕದ ಪದ್ಧತಿಯನ್ನು ವಾಚಕರು ನೋಡಲಿ. 2008ರಲ್ಲಿ ತಿದ್ದಿದ ನಿಯಮದಂತೆ ಮಾಜಿ ಯೋಧನ ಮಿದುಳಿನ ಗಾಯವನ್ನು ಸ್ಮೃತಿ, ವಿವೇಚನೆ, ದಿಕ್ಕಿನ ಅರಿವು, ಮಾತು ಮೊದಲಾದ 10 ವಿಷಯಗಳಲ್ಲಿ ಪರೀಕ್ಷಿಸುತ್ತಾರೆ. ಆದರೆ ಅವುಗಳನ್ನು ಕೂಡಿಸುವುದಿಲ್ಲ. ಎಲ್ಲಕ್ಕೂ ಮೇಲಿನ ಒಂದೇ ಅಂಕವನ್ನು ಹಿಡಿದು ನೂರಕ್ಕೆ 0, 10, 40, 70 ಅಥವಾ 100 ಎಂದು ತೀರ್ಮಾನಿಸುತ್ತಾರೆ. ಸ್ಮೃತಿ, ವಿವೇಚನೆ, ದಿಕ್ಕಿನ ಅರಿವು ಮೂರೂ ತುಸುತುಸುವೇ ಕುಂದಿದವನಿಗೂ ನೂರಕ್ಕೆ 10. ಒಂದೇ ಕುಂದಿದವನಿಗೂ 10! ಇದಾವ ಗಣಿತವೆಂದು ನಾವು ಕೇಳುತ್ತೇವೆ.

ಇಂಥವನು ತಾನೇ ಕಾಗದಪತ್ರ ಜೋಡಿಸಿ ವಾದಿಸಲಿ, ವಕೀಲನೇಕೆ ಎನ್ನುವವರಿದ್ದಾರೆ. ಮರೆಯುವವನಿಗೆ ಸಾಕ್ಷ್ಯವನ್ನು ನೆನೆದು ಹೇಳೆನ್ನುವುದು ಕುರುಡನಿಗೆ ಕನ್ನಡಿ ಹಿಡಿದಂತೆ! ಯೋಧನನ್ನು ರಕ್ಷಿಸುವ ನೆವದಿಂದ ಅಲ್ಲಿಯ ಕಾಯಿದೆಯು 1988ರ ವರೆಗೆ ವಕೀಲರ ಫೀಯನ್ನು 10 ಡಾಲರಿಗೆ ಕಟ್ಟಿಹಾಕಿತ್ತು. ಹತ್ತು ಡಾಲರಿಗೆ ಯಾವ ವಕೀಲನು ವರ್ಷಗಟ್ಟಲೆ ದುಡಿದಾನು? ಆ ವರ್ಷವೇ ಕಟ್ಟು ಸಡಿಲಿತು, ಪ್ರತ್ಯೇಕ ನ್ಯಾಯಾಲಯವೂ ಸ್ಥಾಪಿತವಾಯಿತು. ಈಗ ಹೊಸ ಸಾಕ್ಷ್ಯ, ಮೇಲಧಿಕಾರಿಯ ಪುನರ್ವಿಮರ್ಶೆ, ಮಂಡಳಿಗೆ ಅಪೀಲು ಎಂಬ ಮೂರು ದಾರಿಗಳಿವೆ. ತೀರ್ಮಾನವಾದ ಒಂದು ವರ್ಷದೊಳಗೆ ಒಂದನ್ನು ಹಿಡಿಯತಕ್ಕದ್ದು. ತಡೆದರೆ ಹಿಂದಿನ ಬಾಕಿಗೆ ಧಕ್ಕೆ. ಮಂಡಳಿಯೂ ಒಲ್ಲೆನೆಂದರೆ 120 ದಿನಗಳೊಳಗೆ ನ್ಯಾಯಾಲಯಕ್ಕೆ ಹೋಗಬೇಕು. ಗೆದ್ದ ಬಾಕಿಯಲ್ಲಿ ನೂರಕ್ಕೆ 20ರೊಳಗಿನ ಫೀಯನ್ನು ಕಾಯಿದೆಯೇ ಯುಕ್ತವೆಂದು ಗ್ರಹಿಸುತ್ತದೆ.

ಆದುದರಿಂದ ನಾವು ಸ್ಪಷ್ಟವಾಗಿ ಹೇಳುತ್ತೇವೆ: ವಕೀಲನನ್ನು ಕರೆತರುವ ಯೋಧನು ಕೃತಘ್ನನಲ್ಲ. ಆತನು ಬೇಡುವುದು ಭಿಕ್ಷೆಯನ್ನಲ್ಲ, ಸಾಲವನ್ನು. ಸಾಲಗಾರನೇ ಲೆಕ್ಕ ಬರೆಯುವಲ್ಲಿ, ಧನಿಯ ಪಕ್ಕದಲ್ಲಿ ಲೆಕ್ಕ ಬಲ್ಲವನೊಬ್ಬನು ನಿಲ್ಲಲೇಬೇಕು.